ವಿಡಿಐ (ವರ್ಚುವಲ್ ಡಿಸ್ಕ್ ಫೈಲ್) 100 ಜಿಬಿ ಮಾಡಿದರೂ ಉಬುಂಟು ಒಳಗೆ 29 ಜಿಬಿನೇ ತೋರಿಸ್ತಿದೆ: ತುಮಕೂರಿನ ಡೆವಲಪರ್‌ಗಳೇ, ಸ್ವಲ್ಪ ನೋಡಿ

ಬಟವಾಡಿ_ಬ್ಯಾಕೆಂಡ್:
ಎಲ್ಲರಿಗೂ ನಮಸ್ಕಾರ. ನನ್ನ ಮನೆ ಬಟವಾಡಿಯಲ್ಲಿ. ಕೆಲಸ ಬೆಂಗಳೂರಿನ ಒಂದು ಕಂಪನಿಗೆ, ಹೆಚ್ಚಾಗಿ ಮನೆಯಿಂದಲೇ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ, ಅದರ ಮೇಲೆ ವರ್ಚುವಲ್‌ಬಾಕ್ಸ್, ಅದರೊಳಗೆ ಒಂದು ವಿಎಂ (ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರ್ ಒಳಗಿನ ಕಂಪ್ಯೂಟರ್), ಅದರಲ್ಲಿ ಉಬುಂಟು ಸರ್ವರ್. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಟೂಲ್), ಪೋಸ್ಟ್‌ಗ್ರೆಸ್ ಡೇಟಾಬೇಸ್, ನೋಡ್ ಎಲ್ಲಾ ಆ ವಿಎಂ ಒಳಗೇ.

ಈಗ ಎನ್‌ಪಿಎಂ ಇನ್‌ಸ್ಟಾಲ್ (ನೋಡ್ ಪ್ಯಾಕೇಜ್ ಹಾಕುವ ಕಮಾಂಡ್) ಕೊಟ್ಟರೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅಂತ ನಿಲ್ಲುತ್ತದೆ. ವಿಡಿಐ ಮೊದಲು 60 ಜಿಬಿ ಇತ್ತು. ವಿಎಂ ಆಫ್ ಮಾಡಿ, ವರ್ಚುವಲ್ ಮೀಡಿಯಾ ಮ್ಯಾನೇಜರ್‌ಗೆ ಹೋಗಿ 100 ಜಿಬಿಗೆ ಎಳೆದೆ. ಆದರೆ ಒಳಗೆ ಡಿಎಫ್ -ಎಚ್ (ಜಾಗದ ಲೆಕ್ಕ ತೋರಿಸುವ ಕಮಾಂಡ್) ನೋಡಿದರೆ ರೂಟ್ (ಮುಖ್ಯ ಫೈಲ್ ಸಿಸ್ಟಂ) 29 ಜಿಬಿ ಅಂತಲೇ ಇದೆ, ಪೂರ್ತಿ ತುಂಬಿದೆ. 60 ಜಿಬಿ ಕೊಟ್ಟಾಗಲೂ 29, 100 ಕೊಟ್ಟರೂ 29. ಶುಕ್ರವಾರ ರಿಲೀಸ್ ಇದೆ. ಹೊಸ ವಿಎಂ ಮಾಡಿ ಎಲ್ಲಾ ಮತ್ತೆ ಹಾಕಬೇಕಾ?

ಸಿರಾಗೇಟ್_ಡೆವಾಪ್ಸ್:
ಹೊಸ ವಿಎಂ ಬೇಡವೇ ಬೇಡ. ಎಲ್‌ಎಸ್‌ಬಿಎಲ್‌ಕೆ (ಡಿಸ್ಕ್, ಪಾರ್ಟಿಷನ್ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟು ಬಂದಿದ್ದನ್ನು ಇಲ್ಲಿ ಹಾಕಿ. ವಿಂಡೋಸ್‌ನ ಸಿ ಡ್ರೈವ್‌ನಲ್ಲಿ ಎಷ್ಟು ಖಾಲಿ ಇದೆ ಅಂತಲೂ ಹೇಳಿ.

ಬಟವಾಡಿ_ಬ್ಯಾಕೆಂಡ್:
ಹೀಗೆ ಬರ್ತಿದೆ:

ಎಸ್‌ಡಿಎ – 100 ಜಿ
ಎಸ್‌ಡಿಎ1 – 1 ಎಂ
ಎಸ್‌ಡಿಎ2 – 2 ಜಿ – /ಬೂಟ್
ಎಸ್‌ಡಿಎ3 – 58 ಜಿ
ಉಬುಂಟು-ವಿಜಿ, ಉಬುಂಟು-ಎಲ್‌ವಿ – 29 ಜಿ – /

ಸಿ ಡ್ರೈವ್‌ನಲ್ಲಿ ಸುಮಾರು 35 ಜಿಬಿ ಖಾಲಿ ಇದೆ.

ಕ್ಯಾತ್ಸಂದ್ರ_ಕರ್ನಲ್:
ಈ ಐದು ಸಾಲಲ್ಲೇ ಎಲ್ಲಾ ಇದೆ. ನಿಧಾನಕ್ಕೆ ನೋಡೋಣ, ಯಾಕಂದ್ರೆ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತದೆ.

ವಿಎಂನಲ್ಲಿ ‘ಡಿಸ್ಕ್’ ಅಂದರೆ ಒಂದೇ ವಸ್ತು ಅಲ್ಲ. ಎಲ್ಲಕ್ಕಿಂತ ಹೊರಗೆ ನಿಮ್ಮ ವಿಂಡೋಸ್‌ನ ಎಸ್‌ಎಸ್‌ಡಿ. ಅದರ ಮೇಲೆ ವಿಡಿಐ ಫೈಲ್. ಆ ಫೈಲ್ ಉಬುಂಟುಗೆ ಎಸ್‌ಡಿಎ ಆಗಿ ಕಾಣುತ್ತದೆ. ಅದರೊಳಗೆ ಎಸ್‌ಡಿಎ3 ಪಾರ್ಟಿಷನ್. ಅದರೊಳಗೆ ಎಲ್‌ವಿಎಂ, ಅಂದರೆ ಜಾಗವನ್ನು ಬೇಕಾದ ಹಾಗೆ ಹಂಚುವ ವ್ಯವಸ್ಥೆ; ಅದರ ಕೈಲಿರುವ ಒಟ್ಟು ಜಾಗವೇ ವಾಲ್ಯೂಮ್ ಗ್ರೂಪ್. ಅದರಲ್ಲಿ ಒಂದು ಲಾಜಿಕಲ್ ವಾಲ್ಯೂಮ್. ಅದರ ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಂ. ನೀವು ಬೆಳೆಸಿದ್ದು ವಿಡಿಐ ಪದರ ಒಂದನ್ನೇ. ಪಕ್ಕದ ತೋಟ ಕೊಂಡಾಯ್ತು, ಬೇಲಿ ಮಾತ್ರ ಹಳೇ ಬದುವಿನ ಮೇಲೇ ನಿಂತಿದೆ.

ಇನ್ನು ಆ 29 ಎಲ್ಲಿಂದ ಬಂತು? ಉಬುಂಟು ಸರ್ವರ್ ಇನ್‌ಸ್ಟಾಲರ್‌ನಲ್ಲಿ ಎಲ್‌ವಿಎಂ ಆಯ್ಕೆಯನ್ನು ಹಾಗೇ ಬಿಟ್ಟರೆ, ವಾಲ್ಯೂಮ್ ಗ್ರೂಪ್ 20ರಿಂದ 200 ಜಿಬಿ ನಡುವೆ ಇದ್ದಾಗ ಅದು ರೂಟ್‌ಗೆ ಅರ್ಧ ಮಾತ್ರ ಕೊಡುತ್ತದೆ. ಉಳಿದ ಅರ್ಧವನ್ನು ಮುಂದೆ ಬೇಕಾದಾಗ ಬಳಸಲಿ ಅಂತ ಖಾಲಿ ಇಟ್ಟಿರುತ್ತದೆ. 58ರ ಅರ್ಧ 29. ಸುಡೊ ವಿಜಿಎಸ್ ಕೊಡಿ, ‘ವಿಫ್ರೀ’ ಕೆಳಗೆ ಇನ್ನೂ 29 ಜಿ ಕಾಣಬೇಕು. ಅಂದರೆ ಜಾಗ ಮೊದಲಿಂದಲೂ ಒಳಗೇ ಇತ್ತು.

ಸಿರಾಗೇಟ್_ಡೆವಾಪ್ಸ್:
ಕರ್ನಲ್ ಅಣ್ಣ ಹೇಳಿದ್ದು ಸರಿ. 100 ಮಾಡಿಯಾಗಿದೆ ಅಲ್ವಾ, ಹಾಗಾದರೆ ಪೂರ್ತಿ ತಗೊಂಡುಬಿಡಿ. ಕ್ರಮ ಇದು, ಮೊದಲು ಪಾರ್ಟಿಷನ್, ಆಮೇಲೆ ಎಲ್‌ವಿಎಂ, ಕೊನೆಗೆ ಲಾಜಿಕಲ್ ವಾಲ್ಯೂಮ್ ಬೆಳೆಯುತ್ತದೆ:

ಸುಡೊ ಗ್ರೋಪಾರ್ಟ್ /ಡೆವ್/ಎಸ್‌ಡಿಎ 3
ಸುಡೊ ಪಿವಿರೀಸೈಜ್ /ಡೆವ್/ಎಸ್‌ಡಿಎ3
ಸುಡೊ ಎಲ್‌ವಿಎಕ್ಸ್‌ಟೆಂಡ್ -ಎಲ್ +100%ಫ್ರೀ -ಆರ್ /ಡೆವ್/ಉಬುಂಟು-ವಿಜಿ/ಉಬುಂಟು-ಎಲ್‌ವಿ

ಮೊದಲ ಸಾಲಿನಲ್ಲಿ ಎಸ್‌ಡಿಎ ಮತ್ತು 3ರ ನಡುವೆ ಜಾಗ ಬಿಡಬೇಕು. ಮೂರನೇ ಸಾಲಿನ -ಆರ್ ಫೈಲ್ ಸಿಸ್ಟಂ ಅನ್ನೂ ಜೊತೆಗೇ ಬೆಳೆಸುತ್ತದೆ. ಅದು ಮರೆತರೆ ಆಮೇಲೆ ರೀಸೈಜ್2ಎಫ್‌ಎಸ್ ಬೇರೆ ಕೊಡಬೇಕು. ಫೈಲ್ ಸಿಸ್ಟಂ ಎಕ್ಸ್‌ಎಫ್‌ಎಸ್ ಆಗಿದ್ದರೆ ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್. ವಿಎಂ ಓಡ್ತಿರುವಾಗಲೇ ಮಾಡಬಹುದು, ರೀಬೂಟ್ ಬೇಡ.

ಕ್ಯಾತ್ಸಂದ್ರ_ಕರ್ನಲ್:
ಕಮಾಂಡ್‌ಗಳು ಸರಿ ಇವೆ. ಆದರೆ ಪೂರ್ತಿ ತಗೊಳ್ಳೋದು ಬೇಡ ಅನ್ನೋದು ನನ್ನ ಅಭಿಪ್ರಾಯ, ಅದಕ್ಕೆ ಕಾರಣ ಇದೆ.

ಸಿ ಡ್ರೈವ್‌ನಲ್ಲಿ ಇರೋದು 35 ಜಿಬಿ. ವಿಡಿಐ ಡೈನಾಮಿಕ್, ಅಂದರೆ ಒಳಗೆ ಬರೆದ ಹಾಗೆ ಹೊರಗೆ ಫೈಲ್ ಉಬ್ಬುತ್ತಾ ಹೋಗುತ್ತದೆ. ಒಳಗಿನ ಉಬುಂಟುಗೆ ಹೊರಗಿನ ಕಥೆ ಗೊತ್ತಿಲ್ಲ. ‘ಇನ್ನೂ 70 ಜಿಬಿ ಇದೆ’ ಅಂತ ನಂಬಿ ಬರೀತಾ ಹೋಗುತ್ತದೆ. ಒಂದು ದಿನ ಸಿ ಡ್ರೈವ್ ತುಂಬುತ್ತದೆ. ಆಗ ವರ್ಚುವಲ್‌ಬಾಕ್ಸ್ ವಿಎಂ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಹೋಸ್ಟ್ (ಹೊರಗಿನ ಕಂಪ್ಯೂಟರ್) ಡಿಸ್ಕ್ ತುಂಬಿದೆ ಅಂತ ಸಂದೇಶ ಕೊಡುತ್ತದೆ. ಹಾಗೆ ಆದಾಗ ಯಾರೂ ಗಾಬರಿಯಲ್ಲಿ ಪವರ್ ಆಫ್ ಒತ್ತಬೇಡಿ. ವಿಂಡೋಸ್ ಕಡೆ ಏನಾದರೂ ಅಳಿಸಿ ಜಾಗ ಮಾಡಿ, ಆಮೇಲೆ ರೆಸ್ಯೂಮ್ ಕೊಡಿ. ನಿಂತ ಕಡೆಯಿಂದಲೇ ಮುಂದುವರಿಯುತ್ತದೆ.

ಅದಕ್ಕೇ ನಾನು ಹೇಳೋದು: ಗ್ರೋಪಾರ್ಟ್ ಸದ್ಯಕ್ಕೆ ಬಿಡಿ. ಒಳಗೇ ಇರುವ 29ರಲ್ಲಿ 20 ತಗೊಳ್ಳಿ.

ಸುಡೊ ಎಲ್‌ವಿಎಕ್ಸ್‌ಟೆಂಡ್ -ಎಲ್ +20ಜಿ -ಆರ್ /ಡೆವ್/ಉಬುಂಟು-ವಿಜಿ/ಉಬುಂಟು-ಎಲ್‌ವಿ

ಇಲ್ಲಿ ದೊಡ್ಡ ಎಲ್ ಬರಬೇಕು. +100%ಫ್ರೀ ಕೊಡೋವಾಗ ಸಣ್ಣ ಎಲ್. ಎಲ್‌ವಿಎಂನಲ್ಲಿ ಬೆಳೆಸೋದು ಒಂದು ಸಾಲಿನ ಕೆಲಸ. ಕುಗ್ಗಿಸೋದು ಹಾಗಲ್ಲ: ಇಎಕ್ಸ್‌ಟಿ4 ಆದರೆ ಅನ್‌ಮೌಂಟ್ ಮಾಡಿ, ಚೆಕ್ ಮಾಡಿ, ಆಮೇಲೆ ಕುಗ್ಗಿಸಬೇಕು. ಬೇಕಾದಷ್ಟೇ ತಗೊಂಡರೆ ಬೇಕಾದಾಗ ಮತ್ತೆ ತಗೊಳ್ಳಬಹುದು.

ವಿಡಿಐ 100 ಆಗಿದೆ ಅಂತ ಚಿಂತೆ ಬೇಡ. ವರ್ಚುವಲ್‌ಬಾಕ್ಸ್‌ನಲ್ಲಿ ಅದನ್ನು ಮತ್ತೆ 60ಕ್ಕೆ ಇಳಿಸಲು ಬರುವುದಿಲ್ಲ, ಇಳಿಸುವ ಅಗತ್ಯವೂ ಇಲ್ಲ. ಮೇಲಿನ 40 ಜಿಬಿಯಲ್ಲಿ ಪಾರ್ಟಿಷನ್ನೇ ಇಲ್ಲದಿರುವಾಗ ಅಲ್ಲಿ ಯಾರೂ ಬರೆಯೋದಿಲ್ಲ.

ಸಿರಾಗೇಟ್_ಡೆವಾಪ್ಸ್:
ಹೋಸ್ಟ್ ಲೆಕ್ಕ ನಾನು ಹಿಡಿದಿರಲಿಲ್ಲ, ಒಪ್ಪಿದೆ. 20 ಸಾಕು.

ಬಟವಾಡಿ_ಬ್ಯಾಕೆಂಡ್:
ವಿಜಿಎಸ್‌ನಲ್ಲಿ ವಿಫ್ರೀ 29 ಅಂತಲೇ ಇದೆ ಅಣ್ಣ! ಆದರೆ ಎಲ್‌ವಿಎಕ್ಸ್‌ಟೆಂಡ್ ಕೊಟ್ಟರೆ /ಇಟಿಸಿ/ಎಲ್‌ವಿಎಂ ಒಳಗೆ ಬರೆಯಲು ಆಗ್ತಿಲ್ಲ ಅಂತ ದೂರು. ಅಲ್ಲೂ ಜಾಗ ಇಲ್ಲವಂತೆ.

ಕ್ಯಾತ್ಸಂದ್ರ_ಕರ್ನಲ್:
ಹೌದು, ಡಿಸ್ಕ್ ಪೂರ್ತಿ ತುಂಬಿದಾಗ ಹೀಗಾಗುತ್ತದೆ. ಎಲ್‌ವಿಎಂ ಪ್ರತಿ ಬದಲಾವಣೆಗೂ ಮುಂಚೆ ತನ್ನ ವಿವರದ ಒಂದು ಪ್ರತಿ ಬರೆದಿಡುತ್ತದೆ. ಗ್ರೋಪಾರ್ಟ್ ಕೂಡ /ಟಿಎಂಪಿಯಲ್ಲಿ ಒಂದು ಫೋಲ್ಡರ್ ಮಾಡಲು ಹೋಗಿ ಬೀಳುತ್ತದೆ. ಸ್ವಲ್ಪ ಉಸಿರಾಡೋಕೆ ಜಾಗ ಮಾಡಿಕೊಡಿ:

ಸುಡೊ ಆಪ್ಟ್ ಕ್ಲೀನ್
ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ

ಎರಡೂ ಸುರಕ್ಷಿತ. ಮೊದಲನೆಯದು ಇಳಿಸಿಕೊಂಡ ಪ್ಯಾಕೇಜ್ ಫೈಲ್ ತೆಗೆಯುತ್ತದೆ, ಎರಡನೆಯದು ಹಳೇ ಲಾಗ್. ಆಮೇಲೆ ಮತ್ತೆ ಕೊಡಿ.

ತಿಪಟೂರು_ಟರ್ಮಿನಲ್:
ಮಧ್ಯೆ ಬಂದೆ, ಕ್ಷಮಿಸಿ. ನನ್ನದೂ ವರ್ಚುವಲ್‌ಬಾಕ್ಸ್. 40ರಿಂದ 80 ಮಾಡಿದೆ. ಹೊರಗೆ 80 ತೋರಿಸುತ್ತದೆ, ಆದರೆ ಎಲ್‌ಎಸ್‌ಬಿಎಲ್‌ಕೆಯಲ್ಲಿ ಎಸ್‌ಡಿಎ ಕೂಡ 40 ಅಂತಲೇ ಇದೆ. ಇವರದ್ದು ಕೊನೇಪಕ್ಷ 100 ಅಂತಾದರೂ ಬಂತು.

ಕ್ಯಾತ್ಸಂದ್ರ_ಕರ್ನಲ್:
ಸ್ನ್ಯಾಪ್‌ಶಾಟ್ (ವಿಎಂನ ಒಂದು ಕ್ಷಣದ ಸ್ಥಿತಿ ಉಳಿಸಿಟ್ಟದ್ದು) ಇದೆಯಾ?

ತಿಪಟೂರು_ಟರ್ಮಿನಲ್:
ಇವೆ. ಪ್ರತಿ ಸ್ಪ್ರಿಂಟ್‌ಗೂ ಒಂದು ತೆಗೆದಿಡ್ತೀನಿ. ಬ್ಯಾಕಪ್ ಇರಲಿ ಅಂತ.

ಕ್ಯಾತ್ಸಂದ್ರ_ಕರ್ನಲ್:
ಕಾರಣ ಅದೇ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ವಿಡಿಐಗೆ ಬರೆಯೋದು ನಿಲ್ಲುತ್ತದೆ. ಆಮೇಲಿನ ಬದಲಾವಣೆಗಳೆಲ್ಲಾ ಇನ್ನೊಂದು ಫೈಲ್‌ಗೆ ಹೋಗುತ್ತವೆ. ಅದಕ್ಕೆ ಡಿಫರೆನ್ಸಿಂಗ್ ಇಮೇಜ್ ಅಂತಾರೆ, ವಿಎಂ ಫೋಲ್ಡರ್‌ನ ‘ಸ್ನ್ಯಾಪ್‌ಶಾಟ್ಸ್’ ಒಳಗೆ ಉದ್ದ ಹೆಸರಿನ ಫೈಲ್‌ಗಳಾಗಿ ಕೂತಿರುತ್ತವೆ. ನೀವು ಬೆಳೆಸಿದ್ದು ಮೂಲವನ್ನು. ವಿಎಂ ಓಡ್ತಿರೋದು ಸರಪಳಿಯ ಕೊನೆಯ ಫೈಲ್ ಮೇಲೆ. ಅದರ ಅಳತೆ ಹಳೆಯದೇ.

ಎರಡು ದಾರಿ ಇವೆ. ಸ್ನ್ಯಾಪ್‌ಶಾಟ್ ಬೇಡ ಅಂದರೆ ವರ್ಚುವಲ್‌ಬಾಕ್ಸ್ ಒಳಗಿಂದಲೇ ಅಳಿಸಿ. ಅದು ಬದಲಾವಣೆಗಳನ್ನು ಒಂದಕ್ಕೊಂದು ಸೇರಿಸುತ್ತಾ ಬರುತ್ತದೆ. ಈ ಸೇರಿಸುವ ಹೊತ್ತಲ್ಲಿ ಹೋಸ್ಟ್‌ನಲ್ಲಿ ಹೆಚ್ಚಿನ ಜಾಗ ಬೇಕು, ಅದನ್ನು ಮೊದಲೇ ನೋಡಿಕೊಳ್ಳಿ. ಇನ್ನೊಂದು ದಾರಿ, ಈಗಿನ ಸ್ಥಿತಿಯ ಫುಲ್ ಕ್ಲೋನ್ ಮಾಡಿ. ಕ್ಲೋನ್‌ನಲ್ಲಿ ಸ್ನ್ಯಾಪ್‌ಶಾಟ್ ಸರಪಳಿ ಇರೋದಿಲ್ಲ, ಅದನ್ನು ಆರಾಮಾಗಿ ಬೆಳೆಸಿ. ಹಳೆಯದು ಹಾಗೇ ಉಳಿದಿರುತ್ತದೆ. ಬಾಹ್ಯ ಡಿಸ್ಕ್‌ನಲ್ಲಿ ಜಾಗ ಇದ್ದರೆ ನಾನು ಎರಡನೆಯದನ್ನೇ ಮಾಡ್ತೀನಿ.

ಜಾಗ ಸಾಲದು ಅಂತ ಆ ಉದ್ದ ಹೆಸರಿನ ಫೈಲ್‌ಗಳನ್ನು ಎಕ್ಸ್‌ಪ್ಲೋರರ್‌ನಲ್ಲಿ ಕೈಯಾರೆ ಡಿಲೀಟ್ ಮಾಡಬೇಡಿ. ಸರಪಳಿಯ ಒಂದು ಕೊಂಡಿ ಹೋದರೂ ಅದರ ಮುಂದಿನದ್ದೆಲ್ಲಾ ಹೋಯ್ತು.

ಇನ್ನು ಬ್ಯಾಕಪ್ ಮಾತು. ಸ್ನ್ಯಾಪ್‌ಶಾಟ್ ಇರೋದು ಅದೇ ಎಸ್‌ಎಸ್‌ಡಿ ಮೇಲೆ, ಅದೇ ಮೂಲ ಫೈಲ್‌ನ ಆಸರೆಯಲ್ಲಿ. ಎಸ್‌ಎಸ್‌ಡಿ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ಅಪ್‌ಗ್ರೇಡ್ ಮಾಡೋ ಮುಂಚೆ ತೆಗೆದು, ಸರಿ ಹೋಯ್ತು ಅಂದಮೇಲೆ ಅಳಿಸೋಕೆ ಸ್ನ್ಯಾಪ್‌ಶಾಟ್ ತುಂಬಾ ಒಳ್ಳೆಯದು. ತಿಂಗಳುಗಟ್ಟಲೆ ಇಟ್ಟುಕೊಳ್ಳೋಕಲ್ಲ. ಬ್ಯಾಕಪ್ ಅಂದರೆ ಕೋಡ್ ಗಿಟ್‌ನಲ್ಲಿ, ಡೇಟಾಬೇಸ್‌ನ ಡಂಪ್ ಬೇರೆ ಡಿಸ್ಕ್‌ನಲ್ಲಿ.

ಬಟವಾಡಿ_ಬ್ಯಾಕೆಂಡ್:
ಆಯ್ತು! ಡಿಎಫ್ ಈಗ 49 ತೋರಿಸ್ತಿದೆ. ರೀಬೂಟ್ ಕೂಡ ಮಾಡಲಿಲ್ಲ. ಎನ್‌ಪಿಎಂ ಇನ್‌ಸ್ಟಾಲ್ ಮುಗೀತು. ತುಂಬಾ ಥ್ಯಾಂಕ್ಸ್.

ಸಿರಾಗೇಟ್_ಡೆವಾಪ್ಸ್:
ಸಂತೋಷ. ಆದರೆ 29 ಜಿಬಿ ತುಂಬಿದ್ದು ಯಾಕೆ ಅಂತಲೂ ನೋಡಿಬಿಡಿ, ಇಲ್ಲದಿದ್ದರೆ 49 ಕೂಡ ತುಂಬುತ್ತದೆ. ಡೆವಲಪ್‌ಮೆಂಟ್ ವಿಎಂನಲ್ಲಿ ನಾನು ಮೊದಲು ನೋಡೋದು ಡಾಕರ್. ‘ಡಾಕರ್ ಸಿಸ್ಟಂ ಡಿಎಫ್’ ಕೊಟ್ಟರೆ ಇಮೇಜ್, ಕಂಟೇನರ್, ವಾಲ್ಯೂಮ್, ಬಿಲ್ಡ್ ಕ್ಯಾಶೆ ಯಾವುದು ಎಷ್ಟು ತಿಂದಿದೆ ಅಂತ ಬೇರೆ ಬೇರೆ ತೋರಿಸುತ್ತದೆ. ದಿನಾ ಬಿಲ್ಡ್ ಮಾಡೋರ ಹತ್ತಿರ ಬಿಲ್ಡ್ ಕ್ಯಾಶೆನೇ ಜಾಸ್ತಿ ಇರುತ್ತದೆ. ‘ಡಾಕರ್ ಬಿಲ್ಡರ್ ಪ್ರೂನ್’ ಕೊಟ್ಟು ಅದನ್ನು ತೆಗೆಯಬಹುದು, ಮುಂದಿನ ಬಿಲ್ಡ್ ಸ್ವಲ್ಪ ನಿಧಾನ ಆಗುತ್ತದೆ ಅಷ್ಟೇ.

‘ಡಾಕರ್ ಸಿಸ್ಟಂ ಪ್ರೂನ್’ ಅನ್ನು --ವಾಲ್ಯೂಮ್ಸ್ ಜೊತೆ ಮಾತ್ರ ಸುಮ್ನೆ ಎಲ್ಲೋ ಓದಿ ಕೊಡಬೇಡಿ. ಪೋಸ್ಟ್‌ಗ್ರೆಸ್ ಡೇಟಾ ಇರೋದು ಡಾಕರ್ ವಾಲ್ಯೂಮ್‌ನಲ್ಲಿ, ಅದೂ ಅಳಿಸಿಹೋಗಬಹುದು.

ಆಮೇಲೆ ಕಂಟೇನರ್ ಲಾಗ್. ಡಾಕರ್‌ನ ಮಾಮೂಲಿ ಜೇಸನ್-ಫೈಲ್ ಲಾಗ್‌ಗೆ ಮಿತಿಯೇ ಇರೋದಿಲ್ಲ. ನಾವು ಮ್ಯಾಕ್ಸ್-ಸೈಜ್ ಕೊಡದಿದ್ದರೆ ಬೆಳೀತಾನೇ ಹೋಗುತ್ತದೆ. ಡೀಬಗ್ ಮಟ್ಟದ ಲಾಗ್ ಹಾಕಿಕೊಂಡು ಮರೆತ ಒಂದು ಸರ್ವಿಸ್ ಸಾಕು, ಡಿಸ್ಕ್ ತುಂಬಿಸೋಕೆ. ಡೀಮನ್ ಜೇಸನ್ ಫೈಲ್‌ನಲ್ಲಿ ಮ್ಯಾಕ್ಸ್-ಸೈಜ್ 10ಎಂ, ಮ್ಯಾಕ್ಸ್-ಫೈಲ್ 3 ಹಾಕಿ. ಅದು ಹೊಸದಾಗಿ ಮಾಡಿದ ಕಂಟೇನರ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಹಳೆಯದನ್ನು ತೆಗೆದು ಮತ್ತೆ ಏರಿಸಬೇಕು.

ಇನ್ನೊಂದು. ಡಿಎಫ್ -ಎಚ್ ಜಾಗ ಇದೆ ಅನ್ನುತ್ತದೆ, ಆದರೂ ‘ನೋ ಸ್ಪೇಸ್’ ಬರುತ್ತದೆ ಅಂದರೆ ಡಿಎಫ್ -ಐ ನೋಡಿ. ಪ್ರತಿ ಫೈಲ್‌ಗೂ ಒಂದು ಐನೋಡ್ (ಫೈಲ್‌ನ ವಿವರ ಇಡುವ ದಾಖಲೆ) ಬೇಕು; ಇಎಕ್ಸ್‌ಟಿ4 ಫಾರ್ಮ್ಯಾಟ್ ಆಗೋವಾಗಲೇ ಎಷ್ಟು ಜಾಗಕ್ಕೆ ಒಂದು ಐನೋಡ್ ಅಂತ ತೀರ್ಮಾನ ಆಗಿಬಿಡುತ್ತದೆ, ಸಾಮಾನ್ಯವಾಗಿ 16 ಕೆಬಿಗೆ ಒಂದು. ನೋಡ್_ಮಾಡ್ಯೂಲ್ಸ್ ಅಂದರೆ ಲಕ್ಷಗಟ್ಟಲೆ ಪುಟ್ಟ ಫೈಲ್. ಹತ್ತಾರು ಪ್ರಾಜೆಕ್ಟ್ ಇಟ್ಟುಕೊಂಡರೆ ಜಾಗಕ್ಕಿಂತ ಮೊದಲು ಐನೋಡ್ ಮುಗಿಯಬಹುದು.

ಕ್ಯಾತ್ಸಂದ್ರ_ಕರ್ನಲ್:
ದೊಡ್ಡ ಲಾಗ್ ಫೈಲ್ ಅಳಿಸಿದರೂ ಡಿಎಫ್‌ನಲ್ಲಿ ಜಾಗ ವಾಪಸ್ ಬರಲಿಲ್ಲ ಅಂದರೆ ಯಾವುದೋ ಪ್ರೊಸೆಸ್ ಇನ್ನೂ ಅದನ್ನು ಹಿಡಿದುಕೊಂಡಿರುತ್ತದೆ. ಸುಡೊ ಎಲ್‌ಎಸ್‌ಒಎಫ್ +ಎಲ್1 ಕೊಟ್ಟರೆ ಯಾರು ಅಂತ ಗೊತ್ತಾಗುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುತ್ತದೆ.

ಗುಬ್ಬಿ_ಹುಡುಗ:
ಅಣ್ಣಂದಿರೇ, ನಾನು ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟ್ ವಿಎಂ ಅನ್ನು ಫ್ರೆಂಡ್‌ಗೆ ಕೊಡಬೇಕು. 18 ಜಿಬಿ ವಿಡಿಐ, 32 ಜಿಬಿ ಪೆನ್‌ಡ್ರೈವ್. ಆದರೂ ಫೈಲ್ ತುಂಬಾ ದೊಡ್ಡದು ಅಂತ ಕಾಪಿಯೇ ಆಗ್ತಿಲ್ಲ.

ಸಿರಾಗೇಟ್_ಡೆವಾಪ್ಸ್:
ತಮ್ಮಾ, ಪೆನ್‌ಡ್ರೈವ್ ಫ್ಯಾಟ್32ನಲ್ಲಿ ಇರುತ್ತದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಒಳಗಿರೋದನ್ನು ಬೇರೆ ಕಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೋ. ಬರೀ ವಿಡಿಐ ಕೊಡುವ ಬದಲು ವರ್ಚುವಲ್‌ಬಾಕ್ಸ್‌ನಲ್ಲೇ ಎಕ್ಸ್‌ಪೋರ್ಟ್ ಅಪ್ಲಯನ್ಸ್ ಮಾಡಿದರೆ ಓವಿಎ (ಇಡೀ ವಿಎಂ ಇರುವ ಒಂದೇ ಫೈಲ್) ಸಿಗುತ್ತದೆ. ಅದು ಕುಗ್ಗಿಸಿದ ಫೈಲ್, ಮೆಮೊರಿ, ನೆಟ್‌ವರ್ಕ್ ಸೆಟ್ಟಿಂಗ್ ಕೂಡ ಜೊತೆಗೆ ಹೋಗುತ್ತವೆ. ಸ್ನ್ಯಾಪ್‌ಶಾಟ್‌ಗಳು ಹೋಗೋದಿಲ್ಲ.

ನಿನ್ನದೇ ಲ್ಯಾಪ್‌ಟಾಪ್‌ನಲ್ಲಿ ವಿಡಿಐನ ಇನ್ನೊಂದು ಕಾಪಿ ಸೇರಿಸಲು ಹೋದರೆ ಇದೇ ಯುಯುಐಡಿ (ಡಿಸ್ಕ್‌ನ ಗುರುತಿನ ಸಂಖ್ಯೆ) ಆಗಲೇ ಇದೆ ಅಂತ ತಿರಸ್ಕರಿಸುತ್ತದೆ. ಸುಮ್ನೆ ಕಾಪಿ-ಪೇಸ್ಟ್ ಮಾಡದೆ ವಿಬಾಕ್ಸ್‌ಮ್ಯಾನೇಜ್ ಕ್ಲೋನ್‌ಮೀಡಿಯಂ ಬಳಸು. ಹೊಸ ಯುಯುಐಡಿ ತಾನೇ ಕೊಡುತ್ತದೆ.

ಗುಬ್ಬಿ_ಹುಡುಗ:
ಥ್ಯಾಂಕ್ಸ್ ಅಣ್ಣ. ಒಳಗೆ 7 ಜಿಬಿ ಮಾತ್ರ ಬಳಕೆ ಆಗಿದೆ, ಹೊರಗೆ 18 ಯಾಕೆ?

ಕ್ಯಾತ್ಸಂದ್ರ_ಕರ್ನಲ್:
ಡೈನಾಮಿಕ್ ಡಿಸ್ಕ್ ತಾನಾಗಿ ಬೆಳೆಯುತ್ತದೆ, ತಾನಾಗಿ ಕುಗ್ಗೋದಿಲ್ಲ. ಒಳಗೆ ಫೈಲ್ ಅಳಿಸಿದರೆ ಉಬುಂಟು ಆ ಬ್ಲಾಕ್ ‘ಖಾಲಿ’ ಅಂತ ಗುರುತು ಹಾಕಿಕೊಳ್ಳುತ್ತದೆ, ಆದರೆ ಹಳೇ ಡೇಟಾ ಅಲ್ಲೇ ಇರುತ್ತದೆ. ಹೊರಗಿನವರಿಗೆ ಅದು ಖಾಲಿ ಅಂತ ಗೊತ್ತಾಗಲ್ಲ.

ಬೆಳೆಸುವಾಗ ಹೊರಗಿಂದ ಒಳಕ್ಕೆ ಹೋದೆವು ಅಲ್ವಾ? ಕುಗ್ಗಿಸುವಾಗ ಒಳಗಿಂದ ಹೊರಕ್ಕೆ ಬರಬೇಕು. ಮೊದಲು ಒಳಗೆ ಬೇಡದ್ದನ್ನು ಅಳಿಸು. ಆಮೇಲೆ ಉಬುಂಟು ಐಎಸ್‌ಒದಿಂದ ಲೈವ್ ಬೂಟ್ ಮಾಡಿ, ಮೌಂಟ್ ಮಾಡದೆ ಝೀರೋಫ್ರೀ ಓಡಿಸು. ಅದು ಇಎಕ್ಸ್‌ಟಿ ಕುಟುಂಬದ ಫೈಲ್ ಸಿಸ್ಟಂಗೆ ಮಾತ್ರ, ಖಾಲಿ ಬ್ಲಾಕ್‌ಗಳಿಗೆ ಸೊನ್ನೆ ತುಂಬುತ್ತದೆ. ಎಲ್‌ವಿಎಂ ಇದ್ದರೆ ಮೊದಲು ವಿಜಿಚೇಂಜ್ -ಎವೈ ಕೊಡಬೇಕು. ಕೊನೆಗೆ ವಿಎಂ ಆಫ್ ಮಾಡಿ ಹೊರಗೆ ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ, ಜೊತೆಗೆ --ಕಾಂಪ್ಯಾಕ್ಟ್. ಓವಿಎ ಮಾಡುವ ಮುಂಚೆ ಮಾಡಿದರೆ ಫೈಲ್ ಸಾಕಷ್ಟು ಇಳಿಯುತ್ತದೆ.

ಕುಣಿಗಲ್_ಕ್ಯೂಎ:
ಡಬ್ಲ್ಯೂಎಸ್‌ಎಲ್2ನಲ್ಲೂ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಇದೇ ಕಥೆನಾ? ಅದರ ಡಿಸ್ಕ್ ಫೈಲ್, ಇಎಕ್ಸ್‌ಟಿ4 ಡಾಟ್ ವಿಎಚ್‌ಡಿಎಕ್ಸ್, ದಿನದಿನಕ್ಕೂ ದಪ್ಪ ಆಗ್ತಿದೆ.

ಸಿರಾಗೇಟ್_ಡೆವಾಪ್ಸ್:
ಹೌದು ಅಕ್ಕ, ಅದೂ ಬೆಳೆಯುವ ಡಿಸ್ಕೇ. ಒಳಗೆ ಸ್ವಚ್ಛ ಮಾಡಿ ಸುಡೊ ಎಫ್‌ಎಸ್‌ಟ್ರಿಮ್ -ಎವಿ ಕೊಡಿ. ಆಮೇಲೆ ಡಬ್ಲ್ಯೂಎಸ್‌ಎಲ್ --ಶಟ್‌ಡೌನ್. ಆಮೇಲೆ ಅಡ್ಮಿನ್ ಆಗಿ ಡಿಸ್ಕ್‌ಪಾರ್ಟ್ ತೆರೆದು ಸೆಲೆಕ್ಟ್ ವಿಡಿಸ್ಕ್, ಅಟ್ಯಾಚ್ ವಿಡಿಸ್ಕ್ ರೀಡ್‌ಓನ್ಲಿ, ಕಾಂಪ್ಯಾಕ್ಟ್ ವಿಡಿಸ್ಕ್, ಡಿಟ್ಯಾಚ್ ವಿಡಿಸ್ಕ್. ವಿಂಡೋಸ್ ಹೋಮ್‌ನಲ್ಲೂ ಆಗುತ್ತದೆ.

ಲ್ಯಾಬ್_ಮೇಡಂ:
ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಉಬುಂಟು ಮೇಲೆ ಕೆವಿಎಂ (ಲಿನಕ್ಸ್‌ನಲ್ಲೇ ವಿಎಂ ಓಡಿಸುವ ವ್ಯವಸ್ಥೆ), ವಿಎಂಗಳ ಡಿಸ್ಕ್ ಫೈಲ್ ಕ್ಯೂಕೌ2 ಫಾರ್ಮ್ಯಾಟ್‌ನಲ್ಲಿ. ಏಪ್ರಿಲ್, ಮೇನಲ್ಲಿ ಗಾಳಿಮಳೆ ಬಂತು ಅಂದರೆ ತೆಂಗಿನ ಗರಿ ತಂತಿ ಮೇಲೆ ಬಿದ್ದು ಕರೆಂಟ್ ಹೋಗೋದು ನಿಮಗೆಲ್ಲಾ ಗೊತ್ತೇ ಇದೆ. ಯುಪಿಎಸ್ ಕೆಲವು ನಿಮಿಷ ಮಾತ್ರ ಬರುತ್ತದೆ. ನಿನ್ನೆ ಹೀಗೇ ಆದಮೇಲೆ ಒಬ್ಬ ವಿದ್ಯಾರ್ಥಿಯ ವಿಎಂ ‘ಇನಿಟ್‌ರಾಮ್‌ಎಫ್‌ಎಸ್’ (ಬೂಟ್‌ನ ಮೊದಲ ಹಂತ) ಅಂತ ಬಂದು ನಿಂತುಬಿಟ್ಟಿದೆ. ಅದರಲ್ಲಿ ಆ ಹುಡುಗಿಯ ಇಡೀ ಸೆಮಿಸ್ಟರ್ ಕೆಲಸ ಇದೆ. ಏನು ಮಾಡಲಿ?

ಕ್ಯಾತ್ಸಂದ್ರ_ಕರ್ನಲ್:
ಮೇಡಂ, ಮೊದಲು ವಿಎಂ ಆಫ್ ಮಾಡಿ ಆ ಕ್ಯೂಕೌ2 ಫೈಲನ್ನು ಹಾಗೇ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿಡಿ. ರಿಪೇರಿ ಟೂಲ್ ಯಾವುದನ್ನೂ ಅದಕ್ಕಿಂತ ಮುಂಚೆ ಮುಟ್ಟಬೇಡಿ. ರಿಪೇರಿ ಕೆಲವೊಮ್ಮೆ ಇರೋದನ್ನೂ ಕಳೆಯುತ್ತದೆ, ಆಗ ಮತ್ತೆ ಶುರು ಮಾಡೋಕೆ ಈ ಕಾಪಿ ಬೇಕು.

ಆಮೇಲೆ ಹೊರಗಿನ ಪದರ: ಕ್ಯೂಎಂಯು-ಇಮೇಜ್ ಚೆಕ್ ಓಡಿಸಿ. ಅದು ಎರಡು ಥರದ ತೊಂದರೆ ಹೇಳುತ್ತದೆ. ‘ಲೀಕ್ಡ್ ಕ್ಲಸ್ಟರ್’ ಅಂದರೆ ಜಾಗ ಪೋಲಾಗಿದೆ, ಡೇಟಾಗೆ ಏನೂ ಆಗಿಲ್ಲ. -ಆರ್ ಲೀಕ್ಸ್ ಕೊಟ್ಟರೆ ಸರಿಯಾಗುತ್ತದೆ. ‘ಎರರ್ಸ್’ ಅಂತ ಬಂದರೆ ಅದು ಗಂಭೀರ, -ಆರ್ ಆಲ್ ಬೇಕಾಗುತ್ತದೆ. ಅದನ್ನು ಕಾಪಿಯ ಮೇಲೆ ಮಾಡಿ.

ಹೊರಗಿನದು ಸರಿ ಇದೆ ಅಂತಾದ ಮೇಲೆ ಒಳಗೆ ಬನ್ನಿ. ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ನ ಮೇಲಿನ ಸಾಲುಗಳಲ್ಲಿ ಎಫ್‌ಎಸ್‌ಸಿಕೆಯನ್ನು (ಫೈಲ್ ಸಿಸ್ಟಂ ಪರೀಕ್ಷಿಸಿ ಸರಿಪಡಿಸುವ ಟೂಲ್) ಕೈಯಾರೆ ಓಡಿಸಿ ಅಂತ ಇರಬೇಕು, ಯಾವ ಡಿವೈಸ್ ಅಂತಲೂ ಬರೆದಿರುತ್ತದೆ. ಎಫ್‌ಎಸ್‌ಸಿಕೆ -ವೈ ಜೊತೆ ಆ ಡಿವೈಸ್ ಹೆಸರು ಕೊಡಿ, ಮುಗಿದ ಮೇಲೆ ಎಕ್ಸಿಟ್. ಇಎಕ್ಸ್‌ಟಿ4ಗೆ ಜರ್ನಲ್ (ಬದಲಾವಣೆಗಳ ಮುಂಗಡ ದಾಖಲೆ) ಇರುವುದರಿಂದ ಕರೆಂಟ್ ಹೋದಾಗಿನ ಪೆಟ್ಟು ಬಹಳಷ್ಟು ಸಲ ಇಷ್ಟರಲ್ಲೇ ವಾಸಿಯಾಗುತ್ತದೆ.

ಲ್ಯಾಬ್_ಮೇಡಂ:
ಚೆಕ್‌ನಲ್ಲಿ ಲೀಕ್ ಮಾತ್ರ ಇತ್ತು. ಎಫ್‌ಎಸ್‌ಸಿಕೆ ಆದಮೇಲೆ ಬೂಟ್ ಆಯಿತು. ಅವಳ ಫೋಲ್ಡರ್ ಎಲ್ಲಾ ಇದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ ಸರ್. ಮತ್ತೆ ಹೀಗಾಗದ ಹಾಗೆ ಏನು ಮಾಡಬಹುದು?

ಕ್ಯಾತ್ಸಂದ್ರ_ಕರ್ನಲ್:
ಒಳ್ಳೆಯದಾಯ್ತು ಮೇಡಂ. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಇದ್ದರೆ ಎನ್‌ಯುಟಿ (ಯುಪಿಎಸ್ ಮೇಲೆ ಕಣ್ಣಿಡುವ ಪ್ರೋಗ್ರಾಂ) ಹಾಕಿ, ಬ್ಯಾಟರಿ ಇಳಿದಾಗ ಹೋಸ್ಟ್ ತಾನೇ ಶಟ್‌ಡೌನ್ ಆಗುತ್ತದೆ. ಲಿಬ್‌ವರ್ಟ್-ಗೆಸ್ಟ್ಸ್ ಸರ್ವಿಸ್ ಚಾಲೂ ಇದ್ದರೆ ಹೋಸ್ಟ್ ಮುಚ್ಚುವ ಮುಂಚೆ ವಿಎಂಗಳನ್ನೂ ಸರಿಯಾಗಿ ನಿಲ್ಲಿಸುತ್ತದೆ. ಮಕ್ಕಳಿಗೆ ವರ್ಶ್ ಡಿಸ್ಟ್ರಾಯ್ ಅಂದರೆ ಪ್ಲಗ್ ಕಿತ್ತ ಹಾಗೆ, ವರ್ಶ್ ಶಟ್‌ಡೌನ್ ಬಳಸಿ ಅಂತ ಹೇಳಿಕೊಡಿ. ಕ್ಯಾಶೆ ಮೋಡ್‌ನಲ್ಲಿ ‘ಅನ್‌ಸೇಫ್’ ಅಂತ ಯಾರಾದರೂ ವೇಗಕ್ಕೆ ಹಾಕಿದ್ದರೆ ತೆಗೆಸಿ. ಅದು ಡಿಸ್ಕ್‌ಗೆ ಬರೆಯಿರಿ ಅನ್ನುವ ಆಜ್ಞೆಯನ್ನೇ ಕಡೆಗಣಿಸುತ್ತದೆ.

ಲ್ಯಾಬ್_ಮೇಡಂ:
ಕೊನೆಯದಾಗಿ ಒಂದು. ನಮ್ಮಲ್ಲಿ ಒಂದು ಬೇಸ್ ಇಮೇಜ್ ಇದೆ. ಪ್ರತಿ ವಿದ್ಯಾರ್ಥಿಗೂ ಅದರ ಮೇಲೆ ಓವರ್‌ಲೇ ಕೊಟ್ಟಿದ್ದೇವೆ. ಹೊಸ ಸಿಲಬಸ್‌ಗೆ ಬೇಸ್‌ನಲ್ಲಿ ಕೆಲವು ಪ್ಯಾಕೇಜ್ ಸೇರಿಸಬೇಕು. ಬೇಸ್ ಬೂಟ್ ಮಾಡಿ ಹಾಕಿಬಿಡಬಹುದಾ?

ಕ್ಯಾತ್ಸಂದ್ರ_ಕರ್ನಲ್:
ದಯವಿಟ್ಟು ಬೇಡ ಮೇಡಂ. ಓವರ್‌ಲೇಯಲ್ಲಿ ಇರೋದು ಬೇಸ್‌ಗಿಂತ ಬದಲಾದ ಬ್ಲಾಕ್‌ಗಳು ಮಾತ್ರ. ಕೆಳಗಿನ ಬೇಸ್ ಬದಲಾದರೆ ಮೇಲಿನ ಎಲ್ಲಾ ಓವರ್‌ಲೇಗಳಲ್ಲೂ ಫೈಲ್ ಸಿಸ್ಟಂ ಕಲಸಿಹೋಗುತ್ತದೆ. ಬೇಸ್ ಫೈಲ್‌ಗೆ ಈಗಲೇ ಸಿಎಚ್‌ಮಾಡ್ 444 ಕೊಟ್ಟು, ಬರೆಯಲು ಆಗದ ಹಾಗೆ ಮಾಡಿಡಿ.

ಹೊಸದಕ್ಕೆ ಹೀಗೆ ಮಾಡಿ. ಬೇಸ್ ಮೇಲೆ ಇನ್ನೊಂದು ಓವರ್‌ಲೇ ಮಾಡಿ, ಅದನ್ನು ಬೂಟ್ ಮಾಡಿ ಪ್ಯಾಕೇಜ್ ಹಾಕಿ, ಶಟ್‌ಡೌನ್ ಮಾಡಿ. ಆಮೇಲೆ ಕ್ಯೂಎಂಯು-ಇಮೇಜ್ ಕನ್ವರ್ಟ್ -ಓ ಕ್ಯೂಕೌ2 ಕೊಟ್ಟರೆ ಎರಡೂ ಸೇರಿ ಸ್ವತಂತ್ರವಾದ ಹೊಸ ಬೇಸ್ ಸಿಗುತ್ತದೆ. ಇಲ್ಲಿ ದೊಡ್ಡ ಓ. ಹೊಸ ಬ್ಯಾಚ್‌ಗೆ ಇದರ ಮೇಲೆ ಓವರ್‌ಲೇ ಮಾಡಿ. ಹಳೇ ಮಕ್ಕಳ ಓವರ್‌ಲೇಗಳು ಹಳೇ ಬೇಸ್ ಮೇಲೇ ಇರಲಿ. ಓವರ್‌ಲೇ ಮಾಡುವಾಗ -ಬಿ ಜೊತೆ -ಎಫ್ ಕ್ಯೂಕೌ2 ಅಂತ, ದೊಡ್ಡ ಎಫ್‌ನಲ್ಲಿ, ಬೇಸ್‌ನ ಫಾರ್ಮ್ಯಾಟ್ ಕೊಡಲೇಬೇಕು. ಕ್ಯೂಎಂಯು 6.1ರಿಂದ ಅದು ಕಡ್ಡಾಯ.

ಲ್ಯಾಬ್_ಮೇಡಂ:
ಹಳೇ ಬೇಸ್ ಅನ್ನು ದೊಡ್ಡ ಡಿಸ್ಕ್‌ಗೆ ಸರಿಸಬೇಕು ಅಂತಿದ್ದೇನೆ. ಅದಾದರೂ ಮಾಡಬಹುದಾ?

ಕ್ಯಾತ್ಸಂದ್ರ_ಕರ್ನಲ್:
ಮಾಡಬಹುದು. ಆದರೆ ಪ್ರತಿ ಓವರ್‌ಲೇ ಒಳಗೂ ಬೇಸ್‌ನ ಹಳೇ ಪಾತ್ ಬರೆದಿರುತ್ತದೆ. ಎಲ್ಲಾ ವಿಎಂ ಆಫ್ ಮಾಡಿ, ಬೇಸ್ ಕಾಪಿ ಮಾಡಿ, ಎರಡೂ ಕಡೆ ಎಸ್‌ಎಚ್‌ಎ256ಸಮ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಒಂದೇ ಬರುತ್ತದಾ ನೋಡಿ. ಆಮೇಲೆ ಪ್ರತಿ ಓವರ್‌ಲೇಗೂ ಕ್ಯೂಎಂಯು-ಇಮೇಜ್ ರೀಬೇಸ್ -ಯು ಕೊಟ್ಟು ಹೊಸ ಪಾತ್ ತೋರಿಸಿ. -ಯು ಅಂದರೆ ಒಳಗಿನದ್ದನ್ನು ಹೋಲಿಸಿ ನೋಡದೆ ಪಾತ್ ಮಾತ್ರ ಬದಲಿಸುತ್ತದೆ, ಅದಕ್ಕೇ ಎಸ್‌ಎಚ್‌ಎ ತಾಳೆ ನೋಡುವುದನ್ನು ಬಿಡಬೇಡಿ. ಒಂದು ವಿಎಂ ಬೂಟ್ ಮಾಡಿ ಸರಿ ಇದೆ ಅಂತಾದ ಮೇಲೆ ಉಳಿದವು, ಎಲ್ಲವೂ ಎದ್ದ ಮೇಲೆ ಹಳೇ ಕಾಪಿ ಅಳಿಸಿ.